ರಾಗಷಾಡವ, ಆಮ್ರಾವರ್ತ, ಉಪ್ಪಿನಕಾಯಿ: ಪ್ರಾಚೀನ ಫಲಪಾಕವಿಧಿಗಳ ವಿಚಾರ

ಶ್ರೀಮದ್ರಾಮಾಯಣದ ಸುಂದರಕಾಂಡದಲ್ಲಿ ಹನುಮಂತನು ರಾವಣನ ಪಾನಭೂಮಿಯನ್ನು ಪ್ರವೇಶಿಸಿದಾಗ ಅಲ್ಲಿ ಕಂಡ ಭಕ್ಷ್ಯಭೋಜ್ಯಗಳ ನಡುವೆ ‘ರಾಗಷಾಡವ’ವೆಂಬುದೊಂದು ಹೇಳಲ್ಪಟ್ಟಿದೆ. ಈ ಶಬ್ದಕ್ಕೆ ಪಾಠ ಹೇಳುವವರು ಪಾನಕವೆಂದು ಒಮ್ಮೆ, ಸಿಹಿತಿಂಡಿಯೆಂದು ಒಮ್ಮೆ, ಉಪ್ಪಿನಕಾಯಿಯೆಂದು ಮತ್ತೊಮ್ಮೆ ಅರ್ಥ ಹೇಳುವುದುಂಟು. ಭೋಜನವರ್ಣನೆ ಬಂದಾಗ ‘ಒಂದು ಬಗೆಯ ಭಕ್ಷ್ಯವಿಶೇಷ’ವೆಂದು ಬರೆದು ಮುಂದಕ್ಕೆ ಸಾಗುವುದು ಟೀಕಾಕಾರರಿಗೂ ಕೋಶಕಾರರಿಗೂ ಸುಲಭವಾದ ದಾರಿ. ವ್ಯಾಕರಣದಲ್ಲಿಯೂ ಅಲಂಕಾರದಲ್ಲಿಯೂ ಒಂದಕ್ಷರದ ಸಡಿಲವನ್ನು ಸಹಿಸದ ಪಂಡಿತರು ಅಡುಗೆಯ ಮನೆಯ ಬಾಗಿಲಿಗೆ ಬಂದೊಡನೆ ಉದಾರಿಗಳಾಗುತ್ತಾರೆ. ಆದರೆ ಈ ಔದಾರ್ಯದಿಂದ ಇತಿಹಾಸಕ್ಕೆ ಹಾನಿಯುಂಟಾಗಿದೆ. ಹಣ್ಣನ್ನು ಸಕ್ಕರೆಯಲ್ಲಿ ಪಾಕಮಾಡಿ ಇಡುವ ಕ್ರಮವು ಮುಸಲ್ಮಾನರೊಡನೆ ಈ ದೇಶಕ್ಕೆ ಬಂದಿತು, ‘ಮೊರಬ್ಬ’ವೆಂಬ ಅರಬೀ ಹೆಸರೇ ಅದಕ್ಕೆ ಸಾಕ್ಷಿ, ಎಂದು ಒಂದು ಪಕ್ಷದವರು ಹೇಳುವರು. ಈಗ ಎಲೆಯ ತುದಿಯಲ್ಲಿ ಬಡಿಸುವ ಕೆಂಪು ಖಾರದ ಮಾವಿನಕಾಯಿಯು ಋಷಿಗಳ ಕಾಲದಿಂದ ಹಾಗೆಯೇ ಬಂದದ್ದೆಂದು ಇನ್ನೊಂದು ಪಕ್ಷದವರು ನಂಬಿರುವರು. ಪ್ರಯೋಗವಿಧಿಗಳನ್ನು ಗ್ರಂಥಗಳಲ್ಲಿಯೇ ತೆರೆದು ನೋಡಿದರೆ ಈ ಎರಡು ಪಕ್ಷಗಳೂ ನಿಲ್ಲುವುದಿಲ್ಲ. ಹೆಸರಿನ ವಯಸ್ಸು ಬೇರೆ, ವಸ್ತುವಿನ ವಯಸ್ಸು ಬೇರೆ.

ಮೊದಲು ರಾಗಷಾಡವವನ್ನೇ ವಿಚಾರಿಸಬಹುದು. ಚರಕಸಂಹಿತೆಯ ಸೂತ್ರಸ್ಥಾನದ 27ನೆಯದಾದ ಅನ್ನಪಾನವಿಧಿ ಅಧ್ಯಾಯದಲ್ಲಿ ಇದರ ಗುಣಗಳು ಹೇಳಲ್ಪಟ್ಟಿವೆ. ಖಾರ, ಹುಳಿ, ಸಿಹಿ, ಉಪ್ಪು ಈ ನಾಲ್ಕು ರುಚಿಗಳು ಅದರಲ್ಲಿ ಸೇರಿರುವುವು. ಅದು ಲಘುವಾದುದು, ಬಾಯಿಗೆ ಪ್ರಿಯವಾದುದು, ಅಗ್ನಿದೀಪನವಾದುದು, ಅನ್ನಕ್ಕೆ ರುಚಿಯನ್ನು ಕೊಡತಕ್ಕುದು. ಅನ್ನಕ್ಕೆ ರುಚಿ ಕೊಡುವುದೆಂದಮೇಲೆ ಅದು ಅನ್ನದೊಡನೆ ನಂಜಿಕೊಳ್ಳುವ ವ್ಯಂಜನವೇ ಹೊರತು ಬಟ್ಟಲಿನಲ್ಲಿ ಕುಡಿಯುವ ಪಾನಕವಲ್ಲವೆಂಬುದು ಇಷ್ಟರಿಂದಲೇ ಗೊತ್ತಾಗುತ್ತದೆ. ವೈದ್ಯಗ್ರಂಥಗಳ ಟೀಕಾಕಾರರು ಇದಕ್ಕೆ ಹಳೆಯದೊಂದು ಲಕ್ಷಣವನ್ನು ಉದಾಹರಿಸುವರು. ಅದರ ಪ್ರಕಾರ ಎಳೆಯ ಮಾವಿನಕಾಯಿಯನ್ನು ಬೆಲ್ಲದೊಡನೆ ಬೇಯಿಸಿ, ಎಣ್ಣೆಯನ್ನೂ ಒಣಶುಂಠಿಯನ್ನೂ ಕೂಡಿಸಿದರೆ ರಾಗಷಾಡವವಾಗುತ್ತದೆ. ಕನ್ನಡ ನಾಡಿನ ಯಾವ ಗೃಹಿಣಿಗಾದರೂ ಈ ಲಕ್ಷಣವನ್ನು ಓದಿ ಹೇಳಿದರೆ ಆಕೆ ಅದನ್ನು ಭಕ್ಷ್ಯವಿಶೇಷವೆನ್ನದೆ ಮಾವಿನಕಾಯಿಯ ಗೊಜ್ಜೆಂದು ಕೂಡಲೇ ಗುರುತಿಸುವಳು. ಕೇವಲ ‘ರಾಗ’ವೆಂಬುದಕ್ಕೆ ಕೊಡುವ ಲಕ್ಷಣ ಇದಕ್ಕಿಂತ ಬೇರೆ. ಅದರಲ್ಲಿ ಸಕ್ಕರೆ, ಸೈಂಧವ ಮೊದಲಾದ ಲವಣಗಳು, ವೃಕ್ಷಾಮ್ಲ, ಪರೂಷಕ, ನೇರಳೆಯ ಹಣ್ಣಿನ ರಸ ಇವುಗಳಿಗೆ ಸಾಸಿವೆ ಸೇರುತ್ತದೆ. ವೃಕ್ಷಾಮ್ಲವೆಂದರೆ ಪಶ್ಚಿಮಘಟ್ಟದ ಮುರುಗಲು. ದಕ್ಷಿಣಕನ್ನಡದವರು ಇದನ್ನು ಪುನರ್ಪುಳಿಯೆನ್ನುವರು. ಕೆಂಪು ಹಣ್ಣುಗಳಿಂದ ಬಂದ ಬಣ್ಣವೇ ‘ರಾಗ’ವೆಂಬ ಹೆಸರಿಗೆ ಕಾರಣವಾಗಿರಬಹುದೆಂದು ಊಹಿಸುವುದಕ್ಕೆ ಅವಕಾಶವುಂಟು. ಸಾಸಿವೆಯು ಹಣ್ಣಿನ ಹುಳಿರಸದೊಡನೆ ಕೂಡುವುದನ್ನು ಇಲ್ಲಿ ವಿಶೇಷವಾಗಿ ಗಮನಿಸತಕ್ಕುದು. ಇಂದಿನ ಉಪ್ಪಿನಕಾಯಿಗೆ ಜೀವವಾದ ಸಾಸಿವೆಯ ಸಂಬಂಧ ಹೊಸದಲ್ಲ.

ಆದರೆ ಗೊಜ್ಜು ಹಲವು ದಿನ ನಿಲ್ಲುವ ಪದಾರ್ಥವಲ್ಲ. ಹಣ್ಣನ್ನು ಋತುವಿನಿಂದ ಋತುವಿಗೆ ಕಾಯ್ದಿಡುವ ಉಪಾಯಗಳನ್ನು ಹುಡುಕಬೇಕಾದರೆ ಅಡುಗೆಯ ಮನೆಯಿಂದ ಉಗ್ರಾಣಕ್ಕೆ ಹೋಗಬೇಕು. ಉಗ್ರಾಣದ ಲೆಕ್ಕವನ್ನು ಬಲ್ಲವನು ಕೌಟಿಲ್ಯನು. ಮೈಸೂರಿನ ಪ್ರಾಚ್ಯಕೋಶಾಗಾರದ ತಾಳೆಗರಿಗಳಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಬೆಳಕಿಗೆ ತಂದ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಕೋಷ್ಠಾಗಾರಾಧ್ಯಕ್ಷನ ಕೆಲಸಗಳನ್ನು ಹೇಳುವ ಪ್ರಕರಣವಿದೆ. ರಾಜನ ಕೋಷ್ಠಾಗಾರದಲ್ಲಿ ಸಂಗ್ರಹಿಸತಕ್ಕ ಫಲಾಮ್ಲವರ್ಗವನ್ನು ಅಲ್ಲಿ ಎಣಿಸಿದೆ. ಮೇಲೆ ಹೇಳಿದ ವೃಕ್ಷಾಮ್ಲವೇ ಅದರಲ್ಲಿ ಮೊದಲನೆಯದು. ಬಳಿಕ ಕವಳೆ, ಮಾವು, ನೆಲ್ಲಿ, ಮಾದಳ, ಬೋರೆಯ ಭೇದಗಳು, ಪರೂಷಕ ಮೊದಲಾದುವು. ಇದಕ್ಕಿಂತಲೂ ಮುಖ್ಯವಾದುದು ಇದರೊಡನೆಯೇ ಬರುವ ಶುಕ್ತವರ್ಗ. ಕಬ್ಬಿನ ಹಾಲು, ಬೆಲ್ಲ, ಜೇನು, ಕಾಕಂಬಿ, ನೇರಳೆಯ ರಸ, ಹಲಸಿನ ರಸ ಇವುಗಳಲ್ಲಿ ಒಂದಕ್ಕೆ ಮೇಷಶೃಂಗಿ ಹಿಪ್ಪಲಿಗಳ ಕಷಾಯವನ್ನು ಕೂಡಿಸಿ ಹುಳಿಯಬಿಟ್ಟು, ಅದರಲ್ಲಿ ಸೌತೆಯ ಜಾತಿಯ ಕಾಯಿಗಳು, ಕಬ್ಬಿನ ತುಂಡು, ಮಾವಿನಕಾಯಿ, ನೆಲ್ಲಿಕಾಯಿ ಇವುಗಳನ್ನು ಹಾಕಿಯೋ ಹಾಕದೆಯೋ ಇಡುವುದು. ಇಟ್ಟ ಕಾಲವನ್ನನುಸರಿಸಿ ಇದು ತಿಂಗಳಿನದು, ಆರು ತಿಂಗಳಿನದು, ವರ್ಷದ್ದು ಎಂದು ಮೂರು ಬಗೆಯಾಗುತ್ತದೆ.

ಈ ಮೂರು ಅವಧಿಗಳ ಮಾತು ಸಾಮಾನ್ಯವಾದುದಲ್ಲ. ಒಂದು ವರ್ಷ ಇಡುವುದೆಂದರೆ ಈ ಮಾವಿನ ಫಸಲಿನಿಂದ ಮುಂದಿನ ಮಾವಿನ ಫಸಲಿನ ತನಕ ಇಡುವುದೆಂದೇ ಅರ್ಥ. ಹುಳಿತ ರಸದಲ್ಲಿ ಕಾಯಿಯನ್ನು ಮುಳುಗಿಸಿ ವರ್ಷಗಟ್ಟಲೆ ಕಾಯುವ ವಿದ್ಯೆಯು ರಾಜನ ಉಗ್ರಾಣದ ಲೆಕ್ಕಕ್ಕೆ ಸೇರುವಷ್ಟು ಅಂದು ಬಳಕೆಯಲ್ಲಿತ್ತು. ಇಂದು ಕಾಡಿಯಲ್ಲಿ, ಎಂದರೆ ‘ವಿನಿಗರ್’ ಎಂದು ಅಂಗಡಿಗಳಲ್ಲಿ ಮಾರುವ ಹುಳಿನೀರಿನಲ್ಲಿ, ಕಾಯಿಗಳನ್ನು ಹಾಕಿಡುವುದನ್ನು ಪಾಶ್ಚಾತ್ಯರಿಂದ ಕಲಿತದ್ದೆಂದು ಹೇಳುವವರು ಈ ಪ್ರಕರಣವನ್ನು ಓದಿ ನೋಡಬೇಕು.

ಇದಕ್ಕೆ ಪ್ರತಿಯಾಗಿ ಬೌದ್ಧರ ವಿನಯಪಿಟಕದ ಮಹಾವಗ್ಗದಲ್ಲಿ ಹಣ್ಣಿನ ರಸವನ್ನು ಕೂಡಿಡಬಾರದೆಂಬ ವಿಧಿಯು ಕಾಣಬರುತ್ತದೆ. ಮಾವು, ನೇರಳೆ, ಎರಡು ಬಗೆಯ ಬಾಳೆ, ಜೇನು, ದ್ರಾಕ್ಷಿ, ತಾವರೆಯ ಗಡ್ಡೆ, ಪರೂಷಕ ಎಂಬ ಎಂಟು ಪಾನಗಳು ಭಿಕ್ಷುಗಳಿಗೆ ಮಧ್ಯಾಹ್ನವು ಕಳೆದಮೇಲೂ ವಿಹಿತವಾಗಿವೆ. ಆದರೆ ಅವು ಯಾಮಕಾಲಿಕಗಳು. ಆ ರಾತ್ರಿ ಕಳೆಯುವುದರೊಳಗೆ ಮುಗಿಯಬೇಕು. ಸಂಗ್ರಹಬುದ್ಧಿಯನ್ನು ತಡೆಯುವುದೇ ಇದರ ಮುಖ್ಯವಾದ ಉದ್ದೇಶವೆಂಬುದು ನಿಜ. ಆದರೂ ಬೇಸಿಗೆಯಲ್ಲಿ ನೇರಳೆಯ ರಸವನ್ನೋ ದ್ರಾಕ್ಷಿಯ ರಸವನ್ನೋ ಎರಡು ದಿನ ಇಟ್ಟರೆ ಅದು ಏನಾಗುವುದೆಂಬುದು ಸುರಾಪಾನವನ್ನು ನಿಷೇಧಿಸಿದವರಿಗೆ ತಿಳಿಯದ ವಿಷಯವಾಗಿರಲಾರದು. ಕೌಟಿಲ್ಯನ ಅಧ್ಯಕ್ಷನು ಬೇಕೆಂದು ಬರಿಸಿಕೊಳ್ಳುವ ವಿಕಾರವನ್ನೇ ವಿನಯಧರರು ಬೇಡವೆಂದು ದೂರವಿಟ್ಟರು.

ಇನ್ನು ಸಕ್ಕರೆಯ ಪಾಕದ ಪ್ರಶ್ನೆ. ಇಲ್ಲಿ ಪ್ರಮಾಣಗಳ ಸಹಿತವಾಗಿ ದೊರೆಯುವ ಹಳೆಯ ವಿಧಿಯೆಂದರೆ ಚರಕದ ಚಿಕಿತ್ಸಾಸ್ಥಾನದ ಮೊದಲನೆಯ ಅಧ್ಯಾಯದಲ್ಲಿರುವ ಚ್ಯವನಪ್ರಾಶ. ಹೆಸರನ್ನು ಕೇಳದವರಿಲ್ಲ, ವಿಧಿಯನ್ನು ಅಡುಗೆಯ ದೃಷ್ಟಿಯಿಂದ ಓದಿದವರು ವಿರಳ. ಅನೇಕ ಮೂಲಿಕೆಗಳೊಡನೆ 500 ನೆಲ್ಲಿಕಾಯಿಗಳನ್ನು ಒಂದು ದ್ರೋಣ ನೀರಿನಲ್ಲಿ ಬೇಯಿಸಬೇಕು. ಬೆಂದ ಕಾಯಿಗಳ ಬೀಜವನ್ನು ತೆಗೆದು, ತುಪ್ಪ ಎಣ್ಣೆಗಳ 12 ಪಲಗಳಲ್ಲಿ ಅವನ್ನು ಹುರಿಯಬೇಕು. ಆ ಕಷಾಯಕ್ಕೆ ಅರ್ಧ ತುಲೆ, ಎಂದರೆ 50 ಪಲ, ಶೋಧಿಸಿದ ಮತ್ಸ್ಯಂಡಿಕೆಯನ್ನು ಸೇರಿಸಿ ಎಲ್ಲವನ್ನೂ ಲೇಹದ ಹದಕ್ಕೆ ತರಬೇಕು. ಆರಿದಮೇಲೆ ಜೇನು 6 ಪಲ, ತುಗಾಕ್ಷೀರಿ 4 ಪಲ, ಹಿಪ್ಪಲಿ 2 ಪಲ. ಕಡೆಗೆ ಸುಗಂಧಕ್ಕಾಗಿ ಲವಂಗಚಕ್ಕೆ, ಏಲಕ್ಕಿ, ಪತ್ರೆ, ಕೇಸರಗಳು. ಮತ್ಸ್ಯಂಡಿಕೆಯೆಂದರೆ ಬೆಲ್ಲಕ್ಕಿಂತ ಶುದ್ಧವಾಗಿಯೂ ಖಂಡಶರ್ಕರೆಗಳಿಗಿಂತ ಕಡಿಮೆ ಶುದ್ಧವಾಗಿಯೂ ಇರುವ ಸಕ್ಕರೆ. ಮೂಲಿಕೆಗಳನ್ನು ಬದಿಗಿಟ್ಟು ನೋಡಿದರೆ ಉಳಿಯುವುದು ಹಣ್ಣಿನ ತಿರುಳನ್ನು ತುಪ್ಪದಲ್ಲಿ ಬಾಡಿಸಿ ಸಕ್ಕರೆಯ ಪಾಕಕ್ಕೆ ಹಾಕಿ ಕಾಯಿಸುವ ಕ್ರಮ. ಜೇನನ್ನು ಬಿಸಿಯಲ್ಲಿ ಸೇರಿಸಬಾರದೆಂಬ ಎಚ್ಚರಿಕೆಯೂ ಇದೆ. ಚಿಕಿತ್ಸಾಸ್ಥಾನದ 17 ಅಧ್ಯಾಯಗಳನ್ನು ದೃಢಬಲನು ಪೂರ್ತಿಮಾಡಿದನೆಂಬುದು ಪ್ರಸಿದ್ಧ. ಅವು ಯಾವುವೆಂಬುದರಲ್ಲಿ ವಿವಾದವಿದ್ದರೂ ರಸಾಯನಾಧ್ಯಾಯವು ಆ ಭಾಗಕ್ಕೆ ಸೇರಿದುದಲ್ಲವೆಂಬುದರಲ್ಲಿ ವಿವಾದವಿಲ್ಲ. ಆದುದರಿಂದ ಈ ಪಾಕವಿಧಿಯ ಪ್ರಾಚೀನತೆಯನ್ನು ಪ್ರಕ್ಷಿಪ್ತವೆಂಬ ಮಾತಿನಿಂದ ತೇಲಿಸಿಬಿಡುವಂತಿಲ್ಲ.

ಅದೇ ಪ್ರಕರಣದ ಎರಡನೆಯ ಪಾದದಲ್ಲಿ ಬರುವ ಆಮಲಕಚೂರ್ಣದ ಪ್ರಯೋಗವು ಸಂರಕ್ಷಣೆಯ ದೃಷ್ಟಿಯಿಂದ ಇನ್ನೂ ಸ್ವಾರಸ್ಯವಾದುದು. ಒಂದು ಆಢಕ ನೆಲ್ಲಿಯ ಪುಡಿಗೆ ನೆಲ್ಲಿಯ ರಸವನ್ನೇ 21 ರಾತ್ರಿಗಳ ಕಾಲ ಊಡಿಸಿ, ಜೇನನ್ನೂ ತುಪ್ಪವನ್ನೂ ಒಂದೊಂದು ಆಢಕದಂತೆ ಕೂಡಿಸಿ, ಎಂಟನೆಯ ಒಂದು ಭಾಗ ಹಿಪ್ಪಲಿಯನ್ನೂ ನಾಲ್ಕನೆಯ ಒಂದು ಭಾಗ ಸಕ್ಕರೆಯನ್ನೂ ಬೆರಸಿ, ತುಪ್ಪ ಹೀರಿದ ಗಡಿಗೆಯಲ್ಲಿ ತುಂಬಿ, ಮಳೆಗಾಲದಲ್ಲಿ ಬೂದಿಯ ರಾಶಿಯೊಳಗೆ ಹೂಳಿಡಬೇಕು. ಮಳೆಗಾಲವು ಕಳೆದಮೇಲೆ ತೆಗೆಯಬೇಕು. ಗಡಿಗೆಗೆ ತುಪ್ಪವನ್ನು ಏಕೆ ಊಡಿಸಬೇಕು? ಸುಟ್ಟ ಮಣ್ಣಿನ ಸೂಕ್ಷ್ಮರಂಧ್ರಗಳು ಜಿಡ್ಡಿನಿಂದ ಮುಚ್ಚಿದರೆ ಒಳಗಿನ ರಸ ಒಸರುವುದಿಲ್ಲ, ಹೊರಗಿನ ತೇವ ಒಳಸೇರುವುದಿಲ್ಲ. ಬೂದಿಯಲ್ಲಿ ಏಕೆ ಹೂಳಬೇಕು? ಒಣಬೂದಿಯು ಗಾಳಿಯ ತೇವವನ್ನು ತಾನು ಹೀರಿಕೊಂಡು ಗಡಿಗೆಯನ್ನು ಒಣಗಿರಿಸುತ್ತದೆ. ಆಷಾಢ ಶ್ರಾವಣಗಳಲ್ಲಿ ಬೂಷ್ಟು ಹಿಡಿಯದಂತೆ ಭರಣಿಯನ್ನು ಒಲೆಯ ಮಗ್ಗುಲಲ್ಲಿಯೋ ಅಟ್ಟದ ಮೇಲೆಯೋ ಇಡುತ್ತಿದ್ದ ಮಲೆನಾಡಿನ ಮುದುಕಿಯರು ಚರಕವನ್ನು ಓದಿದವರಲ್ಲ. ಚರಕನೇ ಅಂಥವರಿಂದ ಕಲಿತನೆಂದರೆ ಹೆಚ್ಚು ಸಂಗತವಾಗುವುದು.

ಹಾಗಾದರೆ ಮೊರಬ್ಬದಲ್ಲಿ ಹೊಸದೇನೂ ಇಲ್ಲವೆ? ಇದೆ. ಚರಕದ ಪಾಕದಲ್ಲಿ ಹಣ್ಣಿಗೆ ರೂಪವುಳಿಯುವುದಿಲ್ಲ. ಅದು ಕರಗಿ ಲೇಹವಾಗುತ್ತದೆ. ಮೊರಬ್ಬದಲ್ಲಾದರೋ ಇಡಿಯ ಕಾಯಿಯನ್ನು ಚುಚ್ಚಿ ತಿಳಿಯಾದ ಸಕ್ಕರೆಯ ಪಾಕದಲ್ಲಿ ನೆನೆಯಿಸಿ, ಅದರ ಆಕಾರವು ಕೆಡದಂತೆ ಒಳಗೆಲ್ಲ ಸಿಹಿಯನ್ನು ತುಂಬುವುದು. ಇಡಿಯ ಹಣ್ಣಿನ ಈ ಕೌಶಲವು ಹೆಸರಿನೊಡನೆ ಪಶ್ಚಿಮದಿಂದ ಬಂದಿರಬಹುದೆಂದು ಒಪ್ಪುವುದರಲ್ಲಿ ಅಭಿಮಾನಭಂಗವೇನೂ ಇಲ್ಲ. ಸಕ್ಕರೆಯಿಂದ ಹಣ್ಣು ಕೆಡದೆ ನಿಲ್ಲುತ್ತದೆಯೆಂಬ ತತ್ತ್ವವು ಮಾತ್ರ ಇಲ್ಲಿ ಅದಕ್ಕೆ ಬಹು ಮೊದಲೇ ತಿಳಿದಿತ್ತು.

16ನೆಯ ಶತಮಾನದ ಭಾವಮಿಶ್ರನ ಭಾವಪ್ರಕಾಶದಲ್ಲಿ ಮಾವಿನ ಪ್ರಯೋಗಗಳು ಬಹು ಸ್ಪಷ್ಟವಾಗಿವೆ. ಮಾಗಿದ ಮಾವಿನ ರಸವನ್ನು ಬಟ್ಟೆಯ ಮೇಲೆ ಹರಡಿ ಬಿಸಿಲಿನಲ್ಲಿ ಒಣಗಿಸಿ, ಒಣಗಿದುದರ ಮೇಲೆ ಮತ್ತೆ ಮತ್ತೆ ರಸವನ್ನು ಎರೆಯುತ್ತ ಬಂದರೆ ಅದಕ್ಕೆ ಆಮ್ರಾವರ್ತವೆಂದು ಹೆಸರು. ‘ಆವರ್ತ’ವೆಂಬುದಕ್ಕೆ ಸುಳಿಯೆಂದೋ ಉಂಡೆಯೆಂದೋ ಅರ್ಥಮಾಡುವುದು ತಪ್ಪು, ರಸವನ್ನು ಆವರ್ತಿಸಿ ಆವರ್ತಿಸಿ ಎರೆಯುವುದರಿಂದ ಈ ಹೆಸರು ಬಂದುದೆಂದು ಕ್ರಮವನ್ನು ಕಂಡವರಿಗೆ ಹೊಳೆಯುತ್ತದೆ. ಕರಾವಳಿಯಲ್ಲಿ ಇದೇ ‘ಮಾಂಬಳ’. ಚಾಪೆಯ ಮೇಲೆ ದಿನಕ್ಕೊಂದು ಪದರದಂತೆ ರಸವನ್ನು ಸವರುವ ಈ ಕೆಲಸವನ್ನು ಚೈತ್ರ ವೈಶಾಖಗಳಲ್ಲಿ ಆ ಸೀಮೆಯ ಅಂಗಳಗಳಲ್ಲಿ ಈಗಲೂ ನೋಡಬಹುದು. ಹಸಿಯ ಕಾಯಿಯ ಸಿಪ್ಪೆ ತೆಗೆದು ಸೀಳಿ ಒಣಗಿಸುವುದನ್ನೂ ಭಾವಮಿಶ್ರನು ಹೇಳಿದ್ದಾನೆ. ಕಾಯಿಯನ್ನು ನೀರಿನಲ್ಲಿ ಬೇಯಿಸಿ ಕೈಯಿಂದ ಚೆನ್ನಾಗಿ ಕಿವುಚಿ, ಸಕ್ಕರೆ ತಣ್ಣೀರುಗಳನ್ನು ಕೂಡಿಸಿ, ಪಚ್ಚಕರ್ಪೂರವನ್ನೂ ಮೆಣಸನ್ನೂ ಹಾಕಿ ಮಾಡುವ ಪ್ರಪಾನಕವು ಭೀಮಸೇನನಿಂದ ನಿರ್ಮಿತವಾದುದಂತೆ. ವಿರಾಟನ ಅಡುಗೆಯ ಮನೆಯಲ್ಲಿ ವಲಲನಾಗಿ ದುಡಿದವನಿಗೆ ಸಂಪ್ರದಾಯವು ಸಲ್ಲಿಸಿದ ಗೌರವವಿದು. ಭಾವಮಿಶ್ರನು ಪರಂಗಿಯವರ ಸಂಪರ್ಕದಿಂದ ಬಂದ ಫಿರಂಗರೋಗವನ್ನು ಬಲ್ಲವನು. ಆದರೆ ಅವನ ಪಾನಕಕ್ಕೆ ಖಾರವೆಂದರೆ ಮರೀಚವೇ, ಎಂದರೆ ಕರಿಯ ಮೆಣಸೇ.

ಕನ್ನಡದಲ್ಲಿ ಪಾಕಶಾಸ್ತ್ರವನ್ನು ಹೇಳುವ ಗ್ರಂಥಗಳು ಇಲ್ಲದಿಲ್ಲ. ಸುಮಾರು ಕ್ರಿ. ಶ. 1025ರಲ್ಲಿ ಚಾಲುಕ್ಯ ಜಯಸಿಂಹನ ಕಾಲದಲ್ಲಿದ್ದ ಎರಡನೆಯ ಚಾವುಂಡರಾಯನು ತನ್ನ ಲೋಕೋಪಕಾರದಲ್ಲಿ ಅಡುಗೆಗೆ ಒಂದು ಅಧ್ಯಾಯವನ್ನು ಮೀಸಲಿಟ್ಟನು. ಮೂರನೆಯ ಮಂಗರಸನು 16ನೆಯ ಶತಮಾನದ ಮೊದಲ ಭಾಗದಲ್ಲಿ ವಾರ್ಧಕಷಟ್ಪದಿಯಲ್ಲಿ ಸೂಪಶಾಸ್ತ್ರವನ್ನು ಬರೆದನು. ಪಾನಕಗಳಿಗೂ, ಬಾಳೆ ಹಲಸುಗಳ ಪಾಕಗಳಿಗೂ ಅದರಲ್ಲಿ ವಿಶೇಷವಾದ ಎಡೆಯುಂಟು. ಸಂಸ್ಕೃತದಲ್ಲಿ ಬರೆದರೂ ಕನ್ನಡ ನಾಡಿನ ಅರಸರೇ ಆದ ಸೋಮೇಶ್ವರನ ಮಾನಸೋಲ್ಲಾಸವೂ ಕೆಳದಿಯ ಬಸವರಾಜನ ಶಿವತತ್ತ್ವರತ್ನಾಕರವೂ ಇದೇ ಪಂಕ್ತಿಯವು. ಇವುಗಳನ್ನು ಕಾವ್ಯಗಳ ಭೋಜನವರ್ಣನೆಗಳೊಡನೆ ಹೋಲಿಸಿ ಪದಾರ್ಥಗಳ ನಿರ್ಣಯ ಮಾಡುವ ಕೆಲಸವು ಇನ್ನೂ ಬಹುಮಟ್ಟಿಗೆ ಹಾಗೆಯೇ ಉಳಿದಿದೆ.

ಉಪ್ಪಿನಕಾಯಿಯ ವಿಷಯದಲ್ಲಿ ಭಾಷೆಯೇ ಒಂದು ಶಾಸನದಂತಿದೆ. ಉತ್ತರದೇಶದಲ್ಲಿ ಇದಕ್ಕೆ ಪಾರಸಿಯ ‘ಅಚಾರ್’ ಎಂಬ ಹೆಸರು ನಿಂತಿತು. ದಕ್ಷಿಣದಲ್ಲಿ ಹಾಗಾಗಲಿಲ್ಲ. ಕನ್ನಡದ ಉಪ್ಪಿನಕಾಯಿ, ತುಳುವಿನ ಉಪ್ಪಡ್, ಲವಣಶಬ್ದದಿಂದ ಬಂದ ಮರಾಠಿಯ ಲೋಣಚೆ ಇವೆಲ್ಲ ಉಪ್ಪನ್ನು ಮುಂದಿಟ್ಟುಕೊಂಡ ಹೆಸರುಗಳು. ತೆಲುಗು ತಮಿಳುಗಳ ಊರಗಾಯ, ಊರುಗಾಯ್‌ಗಳು ನೆನೆಯುವುದನ್ನು ಹೇಳುತ್ತವೆ. ಉಪ್ಪು ಹಾಕಿ ನೆನೆಯಿಸುವುದೇ ಇಲ್ಲಿಯ ಮೂಲಕ್ರಮ. ಎಣ್ಣೆ, ಒಗ್ಗರಣೆ, ಖಾರಗಳು ತರುವಾಯ ಬಂದುವೆಂದು ಈ ಹೆಸರುಗಳಿಂದ ಹೊರಡುತ್ತದೆ. ಹಲಸಿನ ಸೊಳೆಯನ್ನು ಬರಿಯ ಉಪ್ಪಿನಲ್ಲಿ ಹಾಕಿ ಮಳೆಗಾಲಕ್ಕೆ ಕಾಯ್ದಿಡುವ ‘ಉಪ್ಪುಸೊಳೆ’ಯಲ್ಲಿ ಆ ಮೂಲಕ್ರಮವು ಇಂದಿಗೂ ಬೆರಕೆಯಿಲ್ಲದೆ ಉಳಿದಿದೆ.

ಇದಕ್ಕೆ ಪರದೇಶಿಯೊಬ್ಬನ ಸಾಕ್ಷ್ಯವೂ ದೊರೆಯುತ್ತದೆ. ಕ್ರಿ. ಶ. 1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತನು ಅಲ್ಲಿಯ ಸುಲ್ತಾನ ಜಮಾಲುದ್ದೀನನ ಮನೆಯ ಊಟವನ್ನು ವಿವರಿಸಿದ್ದಾನೆ. ಅನ್ನವನ್ನು ಬಡಿಸಿ ಅದರ ಮೇಲೆ ತುಪ್ಪವನ್ನು ಎರೆದು, ಬದಿಯಲ್ಲಿ ಉಪ್ಪಿನಲ್ಲಿ ಹಾಕಿದ ಮೆಣಸಿನ ಗೊಂಚಲು, ಹಸಿಶುಂಠಿ, ನಿಂಬೆ, ಮಾವು ಇವುಗಳನ್ನು ಇಡುತ್ತಿದ್ದರು. ಮಾಗುವ ಮೊದಲೇ ಉದುರಿದ ಮಾವಿನ ಕಾಯಿಗಳನ್ನು ಆಯ್ದು, ತನ್ನ ದೇಶದಲ್ಲಿ ನಿಂಬೆಯನ್ನು ಹಾಕುವಂತೆ ಇಲ್ಲಿಯವರು ಉಪ್ಪಿನಲ್ಲಿ ಹಾಕುವರೆಂದೂ ಅವನು ಬೇರೆಡೆಯಲ್ಲಿ ಬರೆದಿದ್ದಾನೆ. ಅರಬ್ಬರು ಇವರಿಗೆ ಕಲಿಸಿದರೆಂದು ಅವನು ಹೇಳುವುದಿಲ್ಲ. ಎರಡು ನಾಡಿನವರೂ ಒಂದೇ ಕ್ರಮವನ್ನು ಬಲ್ಲರೆಂದು ಮಾತ್ರ ಹೇಳುತ್ತಾನೆ.

ಸುಮಾರು ಕ್ರಿ. ಶ. 1590ರಲ್ಲಿ ಅಬುಲ್ ಫಜಲನು ಬರೆದ ಆಯೀನೆ ಅಕ್ಬರಿಯಲ್ಲಿ ಎಣ್ಣೆಯಲ್ಲಿ ಹಾಕಿದ ಮಾವು, ಕಾಡಿಯಲ್ಲಿ ಹಾಕಿದ ಮಾವು ಎಂದು ಬೇರೆ ಬೇರೆಯಾಗಿ ಬೆಲೆಗಳ ಸಹಿತ ಪಟ್ಟಿಯಿದೆ. ಅದರೊಳಗೆ ಮತ್ತೊಂದು ಯುಕ್ತಿಯೂ ಹೇಳಲ್ಪಟ್ಟಿದೆ. ಅರೆಮಾಗಿದ ಮಾವನ್ನು ಎರಡು ಬೆರಳುದ್ದದ ತೊಟ್ಟಿನೊಡನೆ ಕೊಯ್ದು, ತೊಟ್ಟಿನ ಮುರಿದ ತುದಿಯನ್ನು ಬಿಸಿಯ ಮೇಣದಿಂದ ಮುಚ್ಚಿ, ಬೆಣ್ಣೆಯಲ್ಲಿಯೋ ಜೇನಿನಲ್ಲಿಯೋ ಇಟ್ಟರೆ ಎರಡು ಮೂರು ತಿಂಗಳು ರುಚಿಯು ಕೆಡದು. ಬಣ್ಣವಂತೂ ಒಂದು ವರ್ಷ ನಿಲ್ಲುವುದು. ಸಹ್ಯಾದ್ರಿಯ ಹೊಳೆಬದಿಯ ಅಪ್ಪೆಮಿಡಿಯನ್ನು ಕೊಯ್ಯುವವರು ತೊಟ್ಟು ಮುರಿದ ಮಿಡಿಯನ್ನು ಬೇರೆಯಾಗಿ ತೆಗೆದಿಡುವರು. ಸೊನೆ ಸೋರಿದ ಮಿಡಿ ಭರಣಿಯಲ್ಲಿ ಬಾಳುವುದಿಲ್ಲವೆಂಬುದು ಅವರ ಅನುಭವ. ಬಾದಶಹನ ಪಾಕಶಾಲೆಯೂ ಮಲೆನಾಡಿನ ಹಳ್ಳಿಯೂ ತೊಟ್ಟಿನ ವಿಷಯದಲ್ಲಿ ಒಂದೇ ಅಭಿಪ್ರಾಯವುಳ್ಳವು.

ಇನ್ನು ಕೆಂಪು ಖಾರ. ಅಮೆರಿಕಾಖಂಡದ ಸಸ್ಯವಾದ ಮೆಣಸಿನಕಾಯಿಯು ಪೋರ್ತುಗೀಜರಿಂದ ಈ ದೇಶಕ್ಕೆ ಬಂದುದು. ಅವರ ಹಡಗು ಕಲ್ಲಿಕೋಟೆಯನ್ನು ಮುಟ್ಟಿದ್ದು 1498ರಲ್ಲಿ. ಗೋವೆಯು ಅವರ ವಶವಾದುದು 1510ರಲ್ಲಿ. ಸೀಬೆ, ಅನಾನಸು, ಪರಂಗಿಹಣ್ಣು, ಗೋಡಂಬಿಗಳ ಕಥೆಯೂ ಇದೇ. ಆದುದರಿಂದ ಕಾಲನಿರ್ಣಯವಾಗದ ಪಾಕಗ್ರಂಥವೊಂದರಲ್ಲಿ ಇವುಗಳಲ್ಲಿ ಯಾವುದಾದರೂ ಕಂಡುಬಂದರೆ ಆ ಭಾಗವು 16ನೆಯ ಶತಮಾನಕ್ಕಿಂತ ಹಿಂದಿನದಾಗಲಾರದು. ಲಿಪಿಯಿಂದಲೂ ಭಾಷೆಯಿಂದಲೂ ಬಗೆಹರಿಯದ ಕಡೆ ಇದು ಉಪಯುಕ್ತವಾದ ಒರೆಗಲ್ಲು.

ಆದರೆ ಈ ಒರೆಗಲ್ಲನ್ನು ಪ್ರಯೋಗಿಸುವಲ್ಲಿ ಒಂದು ಎಚ್ಚರವಿರಬೇಕು. ಹಳೆಯ ಗ್ರಂಥಗಳಲ್ಲಿ ‘ಮೆಣಸು’ ಎಂದು ಬಂದರೆ ಅದು ಕರಿಯ ಮೆಣಸೇ. ಮಂಗರಸನ ಪದ್ಯಕ್ಕೆ ತಾತ್ಪರ್ಯ ಬರೆಯುವವರು ಅದನ್ನು ಇಂದಿನ ಮೆಣಸಿನಕಾಯಿಯೆಂದು ತಿದ್ದಬಾರದು. ಅಷ್ಟೇ ಅಲ್ಲ. ‘ಮೆಣಸಿನ ಕಾಯಿ’ ಎಂಬ ಪೂರ್ತಿಯ ಮಾತೇ ಹಳೆಯ ಓಲೆಯೊಂದರಲ್ಲಿ ದೊರೆತರೂ ಅದನ್ನು ಒಡನೆಯೇ ಅರ್ವಾಚೀನವೆಂದು ತಳ್ಳುವುದು ಸರಿಯಲ್ಲ. ಹೊನ್ನಾವರದ ಸುಲ್ತಾನನ ತಟ್ಟೆಯಲ್ಲಿ ನಿಂಬೆ ಮಾವುಗಳ ಮಗ್ಗುಲಲ್ಲಿ ಉಪ್ಪು ಹಿಡಿದು ಕುಳಿತಿದ್ದುದು ಮೆಣಸಿನ ಬಳ್ಳಿಯ ಹಸಿಯ ಕಾಯಿಗಳೇ ಆಗಿದ್ದುವು. ಓಲೆಯಲ್ಲಿರುವುದು ಬಳ್ಳಿಯ ಕಾಯಿಯೋ ಗಿಡದ ಕಾಯಿಯೋ ಎಂಬುದನ್ನು ಆ ಪದ್ಯದ ಹಿಂದುಮುಂದಿನ ಪಾಕಕ್ರಮದಿಂದಲೇ, ಗೊಂಚಲನ್ನು ಬಿಡಿಸಿ ಹಾಕೆಂದಿದೆಯೋ ತೊಟ್ಟು ತೆಗೆದು ಸೀಳೆಂದಿದೆಯೋ ಎಂಬುದನ್ನು ನೋಡಿಯೇ, ತೀರ್ಮಾನಿಸಬೇಕಾಗುತ್ತದೆ.